ಮುಕ್ಕಾಲು ಔನ್ಸಿನ ಲ್ಯಾಡಿ

ಲ್ಯಾಡಿ ವೊಂಡ್ರಾ ನೆಲ ನೋಡದೆ ನಡೆದದ್ದನ್ನು ನಮ್ಮೂರಿನಲ್ಲಿ ಕಂಡವರಿಲ್ಲ. ಆರಡಿಯ ಮೇಲೆ ಎರಡು ಅಂಗುಲ ಇದ್ದ ಆ ದೀರ್ಘಕಾಯರು, ಎಂಬತ್ತರ ಹೊಸ್ತಿಲಲ್ಲೂ ಬೆನ್ನು ಬಾಗದಿದ್ದ ಆ ಮನುಷ್ಯರು, ದೃಷ್ಟಿಯನ್ನು ಮಾತ್ರ ಸದಾ ತಮ್ಮ ಪಾದದ ಮುಂದಿನ ಒಂದು ಗಜ ಭೂಮಿಗೆ ನೆಟ್ಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎಡಗೈಯನ್ನು ಸೊಂಟಕ್ಕೆ ಆನಿಸಿ ಬಗ್ಗಿ, ಏನನ್ನೋ ಹೆಕ್ಕಿ ಜೇಬಿಗಿಳಿಸಿ, ಮತ್ತೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಹೊರಗಿನವರು ಕಂಡರೆ ಪಾಪ, ಮುದುಕರು ಏನೋ ಕಳೆದುಕೊಂಡಿದ್ದಾರೆ ಎಂದು ಮರುಗುವಂತಿತ್ತು ಆ ನಡಿಗೆ. ಕಳೆದುಕೊಂಡದ್ದೇನೂ ಇರಲಿಲ್ಲ. ಊರಿನ ಗುರಿಹೊಡೆತದ ಕ್ಲಬ್ಬಿನ ಬಯಲಿನಲ್ಲಿ ಬೇರೆಯವರು ಕೋವಿ ಹೊಡೆದು ಬೀಳಿಸಿಹೋದ ಖಾಲಿ ತೋಟೆಗಳನ್ನು ಮತ್ತೆ ತುಂಬುವುದಕ್ಕೆಂದು ಆರಿಸಿ ಆರಿಸಿ, ಆ ಬಯಲು ಇಲ್ಲದ ಕಡೆಯೂ ಅವರ ಕಣ್ಣು ನೆಲ ಬಿಟ್ಟು ಏಳದಂತಾಗಿತ್ತು.

ಹಳೆಯ ಸೈನಿಕರೊಬ್ಬರ ಶವಸಂಸ್ಕಾರದಲ್ಲಿ ಗೌರವಕ್ಕೆಂದು ಮೂರು ಸುತ್ತು ಬಂದೂಕು ಹಾರಿಸಿದಾಗ, ಪಾದ್ರಿಗಳ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ನಮ್ಮ ಲ್ಯಾಡಿ ಸಾಲಿನಿಂದ ಸರಿದು ಹುಲ್ಲಿನಲ್ಲಿ ಬಗ್ಗಿಬಿಟ್ಟಿದ್ದರು. ಅವರ ಹೆಂಡತಿ ಅಡೆಲಿನ್ ಮೊಣಕೈಯಲ್ಲಿ ತಿವಿದರು. ಲ್ಯಾಡಿ ನೆಟ್ಟಗಾಗಿ, ಟೊಪ್ಪಿ ತೆಗೆದು ಎದೆಗೆ ಹಿಡಿದು, ಪಕ್ಕದಲ್ಲಿದ್ದ ನನ್ನ ಕಿವಿಯಲ್ಲಿ ಹೇಳಿದರು: “ತಪ್ಪು ತಿಳೀಬೇಡ ಡ್ವೇನ್, ಹಿತ್ತಾಳೆ. ನಾನು ತುಂಬೋದು ಪ್ಲಾಸ್ಟಿಕ್ಕಿಂದು, ಇದು ನಂಗೆ ಉಪಯೋಗಕ್ಕೆ ಬರಲ್ಲ. ಆದ್ರೂ ಬಿದ್ದಿರೋದನ್ನ ನೋಡಕ್ಕಾಗಲ್ಲ.”

ಈ ‘ತಪ್ಪು ತಿಳೀಬೇಡ’ ಎನ್ನುವುದು ಅವರ ಬಾಯಿಯ ಮುನ್ನುಡಿ. ತಪ್ಪು ತಿಳಿಯುವಂಥದ್ದು ಏನೂ ಇಲ್ಲದಾಗಲೇ ಅದು ಹೆಚ್ಚು ಬರುತ್ತಿತ್ತು. “ತಪ್ಪು ತಿಳೀಬೇಡ, ಇವತ್ತು ಬಿಸಿಲು ಜೋರು.” “ತಪ್ಪು ತಿಳೀಬೇಡ, ಈ ಸಲ ಜೋಳ ಚೆನ್ನಾಗಿ ಬಂದಿದೆ.” ನೆಬ್ರಾಸ್ಕಾದಂಥ ಸೀಮೆಯಲ್ಲಿ ಜೋಳ ಚೆನ್ನಾಗಿ ಬಂದಿದೆ ಎಂದರೆ ಯಾರು ಏನು ತಪ್ಪು ತಿಳಿಯುತ್ತಾರೆ, ಹೇಳಿ! ಮೂವತ್ತೆಂಟು ವರ್ಷ ರೈತರ ಸಹಕಾರಿ ಉಗ್ರಾಣದ ತೂಕದ ಕಟ್ಟೆಯಲ್ಲಿ ಕೂತು, ಬಂದ ಲಾರಿಲಾರಿಗೂ ಕಾಳಿನ ತೂಕ ಹೇಳಿ ಹೇಳಿ, ಪ್ರತಿಯೊಂದು ಸಂಖ್ಯೆಗೂ ಯಾರಾದರೊಬ್ಬ ರೈತ ಮುಖ ಗಂಟಿಕ್ಕಿಕೊಂಡದ್ದನ್ನು ಕಂಡು ಕಂಡು, ಪಾಪ, ಅವರ ನಾಲಿಗೆಗೆ ಆ ಅಭ್ಯಾಸ ಅಂಟಿಕೊಂಡಿರಬೇಕು.

ಇನ್ನು ಅವರ ಕೋಟು. ಒಂದು ಕಾಲಕ್ಕೆ ಅದು ಖಾಕಿ ಬಣ್ಣದ್ದಾಗಿತ್ತೆಂದು ಅಡೆಲಿನ್ ಪ್ರಮಾಣ ಮಾಡಿ ಹೇಳುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಅದಕ್ಕೆ ನಿರ್ದಿಷ್ಟವಾದ ಬಣ್ಣವೊಂದು ಇರಲಿಲ್ಲ. ಖಾಲಿ ತೋಟೆಗಳ ಭಾರಕ್ಕೆ ಜೇಬುಗಳು ಹರಿದುಹೋದಾಗಲೆಲ್ಲ ಅಡೆಲಿನ್ ತಮ್ಮ ಅಡುಗೆಮನೆಯ ಹಳೆಯ ಪರದೆಯಿಂದ ತುಂಡು ಕತ್ತರಿಸಿ ಹೊಲಿದುಕೊಡುತ್ತಿದ್ದುದರಿಂದ, ಆ ಗಂಭೀರ ಪುರುಷರ ಎರಡೂ ಪಕ್ಕಗಳಲ್ಲಿ ಸೂರ್ಯಕಾಂತಿ ಹೂಗಳು ಅರಳಿಕೊಂಡಿದ್ದವು.

“ಏನಯ್ಯಾ ಲ್ಯಾಡಿ, ಹೆಂಡತಿ ಲಂಗ ಹಾಕ್ಕೊಂಡು ಬಂದ್ಯಾ?” ಎಂದು ಕ್ಲಬ್ಬಿನ ಅಧ್ಯಕ್ಷ ಮೈಲೋ ಹ್ರುಷ್ಕಾ ಛೇಡಿಸುತ್ತಿದ್ದ.

“ತಪ್ಪು ತಿಳೀಬೇಡ ಮೈಲೋ. ನನ್ನ ಹೆಂಡತಿ ಜೇಬು ಹೊಲೀತಾಳೆ. ನಿನ್ನ ಹೆಂಡತಿ ಏನು ಮಾಡ್ತಾಳೆ ಅಂತ ಊರಿಗೆಲ್ಲ ಗೊತ್ತು.”

ಮೈಲೋ ನಕ್ಕು ಸುಮ್ಮನಾಗುತ್ತಿದ್ದ. ‘ಮುಕ್ಕಾಲು’ ಎಂಬ ಅಡ್ಡಹೆಸರನ್ನು ಲ್ಯಾಡಿಗೆ ಇಟ್ಟವನೂ ಅವನೇ. ಅಂಗಡಿಯಲ್ಲಿ ಸಿಕ್ಕುವ ತೋಟೆಯಲ್ಲಿ ಒಂದು ಔನ್ಸಿಗೂ ಮಿಕ್ಕಿದ ಸೀಸದ ಚರೆ ಇರುತ್ತದೆ. ಲ್ಯಾಡಿ ತಮ್ಮ ಕೈಯಾರೆ ತುಂಬುತ್ತಿದ್ದ ತೋಟೆಯಲ್ಲಿ ಮುಕ್ಕಾಲೇ ಔನ್ಸು. ಚರೆ ಕಡಿಮೆ, ಮದ್ದು ಕಡಿಮೆ, ಆದ್ದರಿಂದ ಹೆಗಲಿಗೆ ಬೀಳುವ ಒದೆಯೂ ಕಡಿಮೆ. ಗಂಡಸರ ಕ್ಲಬ್ಬಿನಲ್ಲಿ ಕಡಿಮೆ ಒದೆಯುವ ಕೋವಿಗೆ ಎಂಥ ಮರ್ಯಾದೆ? ಆದರೆ ಲ್ಯಾಡಿಯವರದು ಬೇರೆಯೇ ಸಿದ್ಧಾಂತ. ಗುರಿಗೆಂದು ಹಾರಿಸುವ ಮಣ್ಣಿನ ಬಿಲ್ಲೆ, ನಮ್ಮವರು ಅದನ್ನು ಹಕ್ಕಿ ಎಂದೇ ಕರೆಯುವುದು, ಅದು ಒಡೆಯುವುದು ಚರೆಯ ಭಾರದಿಂದ ಅಲ್ಲ, ಹೊಡೆಯುವವರ ಧೈರ್ಯದಿಂದ ಎಂದು ಅವರು ವಾದಿಸುತ್ತಿದ್ದರು. ಒಮ್ಮೆ ಜೋರಾಗಿ ಒದೆಸಿಕೊಂಡ ಹೆಗಲು ಎರಡನೆಯ ಸಲ ಒದೆ ಬೀಳುವ ಮೊದಲೇ ಹಿಂಜರಿಯುತ್ತದೆ, ಹೆಗಲು ಹಿಂಜರಿದರೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದ ಮೇಲೆ ಔನ್ಸು ಎಷ್ಟಿದ್ದರೇನು, ಗಾಳಿಗೆ ಗುದ್ದಿದಂತೆ.

ಈ ಹಗುರ ತೋಟೆಗಳನ್ನು ಅವರು ತುಂಬುತ್ತಿದ್ದದ್ದು ತಮಗಾಗಿ ಅಲ್ಲ. ಊರಿನಲ್ಲಿ ಸಂಧಿವಾತದವರು, ಎದೆಗೆ ಯಂತ್ರ ಹಾಕಿಸಿಕೊಂಡವರು, ಹೊಸದಾಗಿ ಕಲಿಯುವ ಹೆಂಗಸರು ಎಂದು ಏಳು ಜನ ಅವರನ್ನೇ ನೆಚ್ಚಿಕೊಂಡಿದ್ದರು. ಆ ಏಳು ಜನಕ್ಕಾಗಿ ಅವರು ಗ್ಯಾರೇಜಿನ ಕಿಟಕಿಯ ಪಕ್ಕ, ಬೆಳಗಿನ ಬೆಳಕಿನಲ್ಲಿ, ಐವತ್ತು ತೂತಿನ ಮರದ ಹಲಗೆಯೊಂದನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಖಾಲಿ ತೋಟೆಯ ಸುಟ್ಟ ಕೇಪು ತೆಗೆದು ಹೊಸದನ್ನು ಕೂರಿಸುವುದು, ಮದ್ದು ಸುರಿಯುವುದು, ಅದರ ಮೇಲೆ ಪ್ಲಾಸ್ಟಿಕ್ಕಿನ ಬಿರಡೆ ಒತ್ತುವುದು, ಬಿರಡೆಯ ಬಟ್ಟಲಿಗೆ ಚರೆ ಇಳಿಸುವುದು, ಕೊನೆಗೆ ಬಾಯಿ ಮಡಿಚುವುದು: ಒಂದೊಂದಕ್ಕೂ ಯಂತ್ರದ ಹಿಡಿಯನ್ನು ಒಂದೊಂದು ಸಲ ಎಳೆಯಬೇಕು. ಮುಗಿದ ತೋಟೆಯ ಬುಡಕ್ಕೆ ಅಡೆಲಿನ್ ಅವರ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ. ಇಪ್ಪತ್ತೈದಾದ ಮೇಲೆ ಒಂದು ಡಬ್ಬಿ, ಡಬ್ಬಿಯ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಮತ್ತು ತಾರೀಖು.

ಆ ಹೊತ್ತಿನಲ್ಲಿ ಅವರು ಮಾತಾಡುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ ಎಂದರೆ ಯಾರ ಜೊತೆಗೂ, ಯಾವ ಕಾರಣಕ್ಕೂ. ಫೋನು ಬಡಿದುಕೊಂಡು ಸಾಯಲಿ, ಬಾಗಿಲಲ್ಲಿ ನೆಂಟರು ನಿಂತಿರಲಿ, ಹಲಗೆಯ ಐವತ್ತು ಮುಗಿಯುವ ತನಕ ಆ ಬೆನ್ನು ತಿರುಗದು. ಒಂದು ಜೂನಿನಲ್ಲಿ ಸುಂಟರಗಾಳಿಯ ಸೈರನ್ ಕೂಗಿ ಊರಿಗೆ ಊರೇ ನೆಲಮಾಳಿಗೆಗೆ ಇಳಿದಿತ್ತು. ಅಡೆಲಿನ್ ಮೆಟ್ಟಿಲಿನಿಂದ ಮೂರು ಸಲ ಕೂಗಿ, ನಾಲ್ಕನೆಯ ಸಲ ಬೈದು, ಒಬ್ಬರೇ ಇಳಿದುಹೋದರು. ಲ್ಯಾಡಿ ಬಂದದ್ದು ಕಾಲು ಗಂಟೆಯ ನಂತರ. “ಆರು ತೋಟೆ ಬಾಕಿ ಇತ್ತು,” ಎಂದರಂತೆ.

“ಗಾಳಿ ಎತ್ಕೊಂಡು ಹೋಗಿದ್ರೂ ಇವರು ಆ ಹಿಡಿ ಬಿಡ್ತಿರಲಿಲ್ಲ, ಹಿಡಿ ಸಮೇತ ಪಕ್ಕದ ಅಯೋವಾ ರಾಜ್ಯದಲ್ಲಿ ಇಳೀತಿದ್ರು,” ಎಂದು ಅಡೆಲಿನ್ ಇಂದಿಗೂ ಹೇಳುತ್ತಾರೆ.

ಆ ಏಳು ಜನರಲ್ಲಿ ಲವಾನ್ ಪ್ರಿಬಿಲ್ ಒಬ್ಬರು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ವರ್ಷವೇ ಬಲಹೆಗಲಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಗುರುವಾರಗಳಂದು ಕ್ಲಬ್ಬಿನಲ್ಲಿ ಚಿಲ್ಲಿ ಎನ್ನುವ ಕಾಳು-ಮಾಂಸದ ಖಾರದ ಗೊಜ್ಜು ಬೇಯಿಸಿ, ಜೊತೆಗೆ ದಾಲ್ಚಿನ್ನಿ ಬನ್ನು ಬಡಿಸಲು ಬರುತ್ತಿದ್ದವರನ್ನು ಲ್ಯಾಡಿ ಒಂದು ದಿನ ಏಪ್ರನ್ನಿನಲ್ಲೇ ಕರೆದೊಯ್ದು, ತಮ್ಮ ಕೋವಿಯನ್ನೂ ಒಂದು ಕೆಂಪು ಚುಕ್ಕೆಯ ತೋಟೆಯನ್ನೂ ಕೈಗೆ ಕೊಟ್ಟರು. ಬಿಲ್ಲೆ ಪುಡಿಯಾಯಿತು. “ಅಯ್ಯೋ, ನಾನೇ ಹೊಡೆದ್ನಾ?” ಎಂದು ಲವಾನ್ ನಾಲ್ಕು ಜನರನ್ನು ಕೇಳಿದರು. ಅಲ್ಲಿಂದ ಮುಂದೆ ಒಂದು ಗುರುವಾರವೂ ತಪ್ಪಿಸಲಿಲ್ಲ.

ಏಕೆ ಇಷ್ಟು ಹುಚ್ಚು ಎಂದು ನಾನೊಮ್ಮೆ ಕೇಳಿದ್ದೆ. ಬಿಲ್ಲೆ ಹಾರಿಸಬೇಕಾದರೆ ಹೊಡೆಯುವವರು ‘ಪುಲ್’ ಎಂದು ಗಟ್ಟಿಯಾಗಿ ಕೂಗಬೇಕು. ಆಗ ಸ್ಟೂಲಿನ ಮೇಲೆ ಕೂತು ಅಂಕ ಬರೆಯುವ ನಾನು ಗುಂಡಿ ಒತ್ತುತ್ತೇನೆ. ಲವಾನ್ ಹೇಳಿದ್ದು ಇಷ್ಟೇ: “ವಾರಕ್ಕೊಂದ್ಸಲ ಇಪ್ಪತ್ತೈದು ಸಲ ಗಂಟಲು ಬಿಟ್ಟು ಕೂಗ್ತೀನಿ ಡ್ವೇನ್. ಕೂಗಿದ ತಕ್ಷಣ ಏನೋ ಒಂದು ಹಾರಿ ಬರುತ್ತೆ. ಮನೇಲಿ ಕೂಗಿದ್ರೆ ಏನು ಬರುತ್ತೆ?”



ಈಗ ಆ ಜುಲೈ ಕೊನೆಯ ಗುರುವಾರದ ಮಾತು ಹೇಳಬೇಕು. ಸಂಜೆ ಆರು ಗಂಟೆ. ಬಿಸಿಲು ಇನ್ನೂ ಬಯಲಿನ ಮೇಲೆ ಉದ್ದಕ್ಕೆ ಮಲಗಿತ್ತು. ಐದು ಜನ ಸಾಲಾಗಿ ನಿಂತಿದ್ದರು, ಲವಾನ್ ನಡುವೆ, ಮೂರನೆಯ ಸ್ಥಾನದಲ್ಲಿ. ಅವರ ಸರದಿ ಬಂತು, ‘ಪುಲ್’ ಎಂದರು, ಬಿಲ್ಲೆ ಹಾರಿತು, ಢಂ ಎನ್ನಬೇಕಾದ ಕೋವಿ ನೆನೆದ ಪಟಾಕಿಯ ಹಾಗೆ ಠುಸ್ ಎಂದಿತು. ಬಿಲ್ಲೆ ಹಾಗೇ ಹೋಗಿ ಹುಲ್ಲಿನಲ್ಲಿ ಕೂತಿತು. ನಾನು “ಹೋಯ್ತು” ಎಂದು ಕೂಗಿ ಸೊನ್ನೆ ಬರೆದೆ.

ನಾನು ಬರೆಯಬಾರದಿತ್ತು, ಆಟ ನಿಲ್ಲಿಸಬೇಕಿತ್ತು. ಠುಸ್ ಎಂದರೆ ತೋಟೆಯಲ್ಲಿ ಮದ್ದಿಲ್ಲ, ಬರೀ ಕೇಪು ಸಿಡಿದಿದೆ ಎಂದು ಅರ್ಥ. ಆಗ ಬಿರಡೆ ಹೊರಗೆ ಹಾರದೆ ನಳಿಗೆಯ ಮಧ್ಯದಲ್ಲಿ ಕಚ್ಚಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಒಳ್ಳೆಯ ತೋಟೆ ಹೊಡೆದರೆ ನಳಿಗೆಯೇ ಒಡೆದು, ಹಿಡಿದ ಕೈಯನ್ನೂ ಒತ್ತಿದ ಕೆನ್ನೆಯನ್ನೂ ಹರಿದುಹಾಕಬಹುದು. ಹನ್ನೊಂದು ವರ್ಷ ಆ ಸ್ಟೂಲಿನ ಮೇಲೆ ಕೂತವನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ತಿಂಗಳೆಲ್ಲ ನನ್ನ ತಲೆ ನನ್ನ ಕುತ್ತಿಗೆಯ ಮೇಲಿರಲಿಲ್ಲ. ನಾಲ್ಕನೆಯವರು ಹೊಡೆದರು, ಐದನೆಯವರು ಹೊಡೆದರು, ಮೊದಲಿನವರು, ಎರಡನೆಯವರು. ಲವಾನ್ ಹೊಸ ತೋಟೆ ಹಾಕಿ ಕೋವಿಯನ್ನು ಕೆನ್ನೆಗೆತ್ತಿದರು.

ಲ್ಯಾಡಿ ಮೂವತ್ತು ಗಜ ಹಿಂದೆ, ಕ್ಲಬ್ಬಿನ ಜಗಲಿಯ ಬೆಂಚಿನ ಮೇಲೆ ಬಟ್ಟಲು ಹಿಡಿದು ಕೂತಿದ್ದರು. ಅರ್ಧ ಕಿವುಡು ಆಸಾಮಿ. ಹೆಂಡತಿ ಎದುರು ನಿಂತು ಊಟಕ್ಕೆ ಕರೆದರೂ ಎರಡು ಸಲ ‘ಆಂ?’ ಎನ್ನುವವರು. ಆದರೂ ಆ ಒಂದು ಠುಸ್ ಅವರಿಗೆ ಕೇಳಿಸಿತ್ತು. ಬಟ್ಟಲು ಬಿತ್ತು. ಅವರು ಓಡಿಬಂದರು. ಜೀವಮಾನದಲ್ಲಿ ಅವರು ನೆಲ ನೋಡದೆ ಹಾಕಿದ ಹೆಜ್ಜೆಗಳು ಅವೇ ಇರಬೇಕು. ಕೂಗಿ ಪ್ರಯೋಜನವಿಲ್ಲ, ಎಲ್ಲರ ಕಿವಿಗೂ ಮುಚ್ಚಳ. ಕೋವಿಗಳ ಮುಂದೆ ಹಾಯುವಂತಿಲ್ಲ. ಮೈಮುಟ್ಟಿದರೆ ಬೆಚ್ಚಿದ ಬೆರಳು ಟ್ರಿಗರ್ ಎಳೆದುಬಿಡಬಹುದು. ಅವರು ಲವಾನ್ ಬಳಿ ಹೋಗಲೇ ಇಲ್ಲ. ನೇರ ನನ್ನ ಸ್ಟೂಲಿನ ಹಿಂದೆ ಬಂದು, ಬಿಲ್ಲೆ ಹಾರಿಸುವ ಗುಂಡಿಯ ತಂತಿಯನ್ನು ಹಿಡಿದು, ಬುಡಸಮೇತ ಕಿತ್ತರು.

“ಪುಲ್!” ಎಂದರು ಲವಾನ್. ನಾನು ಗುಂಡಿ ಒತ್ತಿದೆ. ಏನೂ ಹಾರಲಿಲ್ಲ.

“ಪುಲ್!”

ಹಕ್ಕಿ ಇಲ್ಲದೆ ಯಾರೂ ಹೊಡೆಯುವುದಿಲ್ಲ. ಲವಾನ್ ಕೋವಿ ಇಳಿಸಿ, ಸಿಟ್ಟಿನಿಂದ ನನ್ನ ಕಡೆ ತಿರುಗಿದರು. “ಏನ್ ಡ್ವೇನ್, ಕೂತಲ್ಲೇ ನಿದ್ದೆನಾ?”

“ತಪ್ಪು ತಿಳೀಬೇಡಮ್ಮಾ,” ಎಂದರು ಲ್ಯಾಡಿ, ಏದುಸಿರು ಬಿಡುತ್ತ, “ಕೋವಿ ಮಡಿಸಿ ತೋಟೆ ಈಚೆ ತೆಗಿ.”

ಲವಾನ್ ಕೋವಿಯನ್ನು ಮಡಿಸಿ ತೆರೆದರು. ಲ್ಯಾಡಿ ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟರು. ಆ ತುದಿಯಲ್ಲಿ ಒಂದು ಕಾಸಿನಗಲ ಬೆಳಕು ಕಾಣಬೇಕಿತ್ತು, ಕಾಣಲಿಲ್ಲ. ಮೈಲೋ ಉದ್ದನೆಯ ಸರಳು ತಂದು ತಳ್ಳಿದ. ಬಿಳಿಯ ಬಿರಡೆ ಉದುರಿತು, ಹಿಂದೆಯೇ ಚರೆ.

“ಯಾರ ತೋಟೆ ಇದು?” ಎಂದ ಮೈಲೋ.

“ಅಂಗಡೀದು,” ಎಂದರು ಲವಾನ್ ಥಟ್ಟನೆ. “ಎರಡೂ ಬೆರಕೆ ಆಗಿತ್ತು ಜೇಬಲ್ಲಿ. ಅಂಗಡೀದೇ ಇರ್ಬೇಕು.”

ಲವಾನ್ ಅಂಗಡಿ ತೋಟೆ ಹೊಡೆಯಲಾರರು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಎಲ್ಲರೂ ಆ ಸುಳ್ಳನ್ನು ಒಪ್ಪಿಕೊಳ್ಳಲು ತಯಾರಾಗಿದ್ದರು. ಮೈಲೋ ಕೂಡ ‘ಹಾಂ, ಹಾಂ, ಕಂಪನಿಯವರೂ ಎಡವಟ್ಟು ಮಾಡ್ತಾರೆ’ ಎಂದು ಶುರು ಮಾಡಿದ್ದ. ಲ್ಯಾಡಿ ಬಗ್ಗಿ, ಲವಾನ್ ಕಾಲಬುಡದಲ್ಲಿದ್ದ ಖಾಲಿ ತೋಟೆಗಳನ್ನು ಒಂದೊಂದಾಗಿ ಎತ್ತಿ ಮೂಸಿದರು. ಒಂದರಲ್ಲಿ ಸುಟ್ಟ ಮದ್ದಿನ ವಾಸನೆ ಇರಲಿಲ್ಲ. ಅದರ ಬುಡವನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದರು. ಕೆಂಪು ಚುಕ್ಕೆ.

“ನಂದು,” ಎಂದರು.

ಆಮೇಲೆ ಮೈಲೋ ಕಡೆ ತಿರುಗಿದರು. “ಮದ್ದು ಆವಿಯಾಗಿ ಹೋಗಲ್ಲ ಮೈಲೋ. ಹಲಗೆಗೆ ಐವತ್ತು ಸಲ ಹಿಡಿ ಎಳೆದಿದೀನಿ, ಐವತ್ತು ಅಳತೆ ಮದ್ದು ಬಿದ್ದಿದೆ. ಒಂದರಲ್ಲಿ ಇಲ್ಲ ಅಂದ್ರೆ, ಇನ್ನೊಂದರಲ್ಲಿ ಎರಡಿದೆ.”

ಎರಡಳತೆ ಮದ್ದಿನ ತೋಟೆ ಕೋವಿಯನ್ನೇ ಕೈಯಲ್ಲಿ ಸಿಡಿಸಿಬಿಡಬಹುದೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಕ್ಕಾಲು ಔನ್ಸಿನ ತೋಟೆಯಲ್ಲಿ ಚರೆ ಕಡಿಮೆಯಾದ್ದರಿಂದ ಜಾಗ ಉಳಿದಿರುತ್ತದೆ; ಹೊರಗಿನಿಂದ ನೋಡಿದರೆ ಗುರುತು ಹತ್ತುವುದಿಲ್ಲ. ತೂಗಿದರೂ ತಿಳಿಯದು, ಏಕೆಂದರೆ ಆರಿಸಿ ತಂದ ಹಳೆಯ ತೋಟೆಗಳು ಒಂದಕ್ಕಿಂತ ಒಂದು ತೂಕದಲ್ಲಿ ಹೆಚ್ಚುಕಡಿಮೆ. ಮೂವತ್ತೆಂಟು ವರ್ಷ ತಕ್ಕಡಿಯನ್ನೇ ನಂಬಿ ಬದುಕಿದವರಿಗೆ ತಕ್ಕಡಿ ಕೈಕೊಟ್ಟಿತ್ತು. ಒಂದೊಂದನ್ನೂ ಕೊಯ್ದು ನೋಡುವುದೊಂದೇ ದಾರಿ.

ಅಂದು ಜಗಲಿಯ ಮೇಲೆ ನಿಂತು ಲ್ಯಾಡಿ ಎಲ್ಲರೆದುರು ತಮ್ಮ ತಪ್ಪು ಹೇಳಿಕೊಂಡರು. ಆ ಬೇಸಿಗೆಯ ಡಬ್ಬಿಗಳೆಲ್ಲ ಹಿಂದಿರುಗಬೇಕೆಂದರು. ಮಾರನೆಯ ದಿನದಿಂದ ನಾನು ಅವರನ್ನು ನನ್ನ ಗಾಡಿಯಲ್ಲಿ ಕೂರಿಸಿಕೊಂಡು ಮನೆಮನೆ ಸುತ್ತಿದೆ. ಜನ ಕೊಟ್ಟರು, ಕೊಡುತ್ತ, ‘ಇರಲಿ ಬಿಡಿ ಲ್ಯಾಡಿ, ಯಾರಿಗಾಗಲ್ಲ’ ಎಂದರು. ಅವರು ಒಬ್ಬರಿಗೂ ‘ಹೌದು’ ಎನ್ನಲಿಲ್ಲ. ಗ್ಯಾರೇಜಿನಲ್ಲಿ ಕೂತು, ಕೊಯ್ಯುವ ಚೂರಿ ಹಿಡಿದು, ತಾವೇ ತುಂಬಿದ್ದನ್ನು ತಾವೇ ಸೀಳಿದರು. ಎರಡು ದಿನ ಮಣೆಯ ಒಂದು ಕಡೆ ಚರೆ, ಒಂದು ಕಡೆ ಮದ್ದು. ನೋಡುತ್ತ ಕೂತ ನನಗೆ ಸಂಕಟವಾಗುತ್ತಿತ್ತು. ಅವರ ಮುಖದಲ್ಲಿ ಮಾತ್ರ ಏನೂ ತೋರುತ್ತಿರಲಿಲ್ಲ. ಕೆಟ್ಟ ತೋಟೆ ಬಂದದ್ದು ಲವಾನ್ ಅಂದು ತೆರೆದಿದ್ದ ಹತ್ತೊಂಬತ್ತನೆಯ ಡಬ್ಬಿಯಿಂದ. ಹತ್ತೊಂಬತ್ತರಲ್ಲಿ ಉಳಿದದ್ದು ಸರಿಯಾಗಿತ್ತು. ಒಂದೇ ಹಲಗೆಯ ಇನ್ನರ್ಧ ಹೋದದ್ದು ಇಪ್ಪತ್ತನೆಯ ಡಬ್ಬಿಗೆ. ಆ ಒಂದು ಡಬ್ಬಿ ಮಾತ್ರ ಬಂದಿರಲಿಲ್ಲ.

“ಲವಾನ್ ಹತ್ರ ಇದೆ,” ಎಂದರು ಲ್ಯಾಡಿ.

ಲವಾನ್ ಬಾಗಿಲಲ್ಲೇ ತಡೆದರು. “ಎಲ್ಲಾ ಕೊಟ್ನಲ್ಲ. ಇಪ್ಪತ್ತನೇ ಡಬ್ಬಿ ಹೊಡೆದು ಮುಗಿಸಿದೀನಿ.”

“ಮುಗ್ಸಿದ್ರೆ ಖಾಲಿ ತೋಟೆ ನನ್ನ ಜೇಬಿಗೆ ಬರ್ತಿತ್ತಮ್ಮ. ಬಂದಿಲ್ಲ.”

“ನಿಮ್ಮ ಲೆಕ್ಕ ತಪ್ಪಿರ್ಬಹುದು.”

“ತಪ್ಪಿದೆ. ಅದಕ್ಕೇ ಬಂದಿರೋದು.”

ಲವಾನ್ ಮುಖ ಕೆಂಪಾಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಕೊಟ್ರೆ ನೀವು ಆ ಯಂತ್ರದ ಮೇಲೆ ಬಟ್ಟೆ ಮುಚ್ತೀರಿ. ನಂಗೊತ್ತು ನಿಮ್ಮನ್ನ. ಈ ಇಪ್ಪತ್ತೈದು ಇದ್ರೆ ಇನ್ನೊಂದು ಗುರುವಾರ ಆದ್ರೂ ಹೋಗ್ತಿದ್ದೆ. ಅಂಗಡೀದು ಈ ಹೆಗಲು ತಡೆಯಲ್ಲ ಲ್ಯಾಡಿ. ಆಮೇಲೆ ನಾನೆಲ್ಲಿ ಹೋಗಲಿ, ಹೇಳಿ!”

“ಒಂದು ಗುರುವಾರಕ್ಕೋಸ್ಕರ ಮುಖ ಕಳ್ಕೋತೀಯಾ?”

“ನನ್ನ ಮುಖ ಯಾರು ನೋಡ್ಬೇಕು ಈಗ?”

ಲ್ಯಾಡಿ ತಬ್ಬಿಬ್ಬಾದರು. “ನಾನು ನೋಡ್ತೀನಿ,” ಎಂದರು. “ಪ್ರತಿ ಗುರುವಾರ ಬೆಂಚಲ್ಲಿ ಕೂತು ಇನ್ನೇನು ಮಾಡ್ತಿದೀನಿ ಅಂದ್ಕೊಂಡೆ?”

ಲವಾನ್ ಒಳಗೆ ಹೋಗಿ, ಹಿಟ್ಟಿನ ಡಬರಿಯ ತಳದಿಂದ ಡಬ್ಬಿ ತೆಗೆದು, ಏಪ್ರನ್ನಿನಲ್ಲಿ ಒರೆಸಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟರು. ಮನೆಗೆ ಒಯ್ಯುವ ತಾಳ್ಮೆ ಯಾರಿಗೂ ಇರಲಿಲ್ಲ. ಹಳೆಯ ಪತ್ರಿಕೆ ಹಾಸಿ ಲ್ಯಾಡಿ ಅಲ್ಲೇ ಕೊಯ್ಯತೊಡಗಿದರು. ಹತ್ತು ತೋಟೆ ಸರಿಯಾಗಿದ್ದವು. ಹನ್ನೊಂದನೆಯದನ್ನು ಕೊಯ್ದು ಬಿರಡೆ ಎಳೆದು ಬಗ್ಗಿಸಿದಾಗ ಮದ್ದು ಬಿತ್ತು, ಬೀಳುತ್ತಲೇ ಇತ್ತು. ಹಿಂದಿನ ಹತ್ತು ಗುಡ್ಡೆಗಳ ಪಕ್ಕ ಆ ಗುಡ್ಡೆ ಎರಡರಷ್ಟು ದೊಡ್ಡದು. ಲವಾನ್ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಕುರ್ಚಿ ಎಳೆಯದೆಯೇ ಗೋಡೆಗೆ ಒರಗಿದರು.

ಲ್ಯಾಡಿ ಚೂರಿ ಮಡಿಸಿದರು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ, ಅವು ಯಾರದೋ ಕೈಗಳೆಂಬಂತೆ ನೋಡುತ್ತ ಕೂತರು. “ಸಾಕು,” ಎಂದರು. “ಇನ್ನು ತುಂಬಲ್ಲ.”

ಅಷ್ಟು ಡಬ್ಬಿಗಳಲ್ಲಿ ಒಂದರ ತಾರೀಖನ್ನೂ ಓದಿರದ ನಾನು ಈ ಡಬ್ಬಿಯ ಮುಚ್ಚಳವನ್ನು ನೋಡುತ್ತಿದ್ದೆ. ಪೆನ್ಸಿಲಿನಲ್ಲಿ ಬರೆದಿತ್ತು: ಇಪ್ಪತ್ತು. ಜುಲೈ ಒಂಬತ್ತು.

ಜುಲೈ ಒಂಬತ್ತರ ಬೆಳಿಗ್ಗೆ ನನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಳು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಗಾಡಿ ಓಡಿಸುತ್ತ ಓಡಿಸುತ್ತ ನಾನು ಈ ಮನುಷ್ಯರ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತಿದ್ದೆ. ಅವರು ಹಲಗೆಯ ಮುಂದೆ ಕೂತಿದ್ದರು, ಹಿಡಿ ಕೈಯಲ್ಲಿತ್ತು. “ಲ್ಯಾಡಿ, ಅವಳು ಹೋದ್ಲು,” ಎಂದಿದ್ದೆ. ಸೈರನ್ನಿಗೆ ತಿರುಗದ ಬೆನ್ನು ತಿರುಗಿತ್ತು. ಅವರು ಹಿಡಿ ಬಿಟ್ಟು ಎದ್ದು, ನನ್ನನ್ನು ಒಳಗೆ ಕರೆದೊಯ್ದು, ತಾವೇ ಕಾಫಿ ಕಾಸಿ, ಮಧ್ಯಾಹ್ನದ ತನಕ ಎದುರಿಗೆ ಕೂತಿದ್ದರು. ಏನು ಮಾತಾಡಿದೆವೋ ನೆನಪಿಲ್ಲ. ನನ್ನ ಅಳು ಜ್ಞಾಪಕವಿದೆ.

“ಲ್ಯಾಡಿ, ಇದು ನಾನು ಬಂದ ದಿನ,” ಎಂದೆ. “ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಠುಸ್ ಅಂದಾಗ್ಲೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಏನಿದೆ?”

“ನಾನು ಬರದೇ ಇದ್ದಿದ್ರೆ…”

“ನೀನು ಬಂದೆ, ನಾನು ಎದ್ದೆ,” ಎಂದರು, ಹೆಚ್ಚುಕಡಿಮೆ ಗದರಿಸುವ ದನಿಯಲ್ಲಿ. “ಎದ್ದಿದ್ದು ತಪ್ಪಲ್ಲ. ನಾಳೆ ಬಂದ್ರೂ ಏಳ್ತೀನಿ. ವಾಪಸ್ ಬಂದು ಕೂತೋನು ಎಲ್ಲಿಗೆ ನಿಲ್ಲಿಸಿದ್ದೆ ಅಂತ ಒಂದೊಂದ್ರಲ್ಲೂ ಬಗ್ಗಿ ನೋಡ್ಬೇಕಿತ್ತು. ನೋಡ್ಲಿಲ್ಲ. ಗೊತ್ತಿದೆ ಅನ್ನೋ ಜಂಬ. ಅದು ನಂದು, ಅದ್ರಲ್ಲಿ ನಿಂಗೆ ಪಾಲಿಲ್ಲ.”

ಲವಾನ್ ಗೋಡೆ ಬಿಟ್ಟು ಬಂದು, ಮದ್ದಿನ ಆ ದೊಡ್ಡ ಗುಡ್ಡೆಯನ್ನು ಪತ್ರಿಕೆಯ ಮೂಲೆಯಿಂದ ಮೆಲ್ಲಗೆ ಮುಚ್ಚಿದರು.

“ಮೂವತ್ತು ವರ್ಷ ಶಾಲೆ ಮಕ್ಕಳ ತಟ್ಟೆ ನೋಡಿದೀನಿ,” ಎಂದರು. “ದಿನಕ್ಕೆ ಇನ್ನೂರು ತಟ್ಟೆ. ಯಾವುದಕ್ಕೆ ಬಡಿಸಿಲ್ಲ, ಯಾವನು ಎರಡನೇ ಸಲ ಸಾಲಲ್ಲಿ ನಿಂತಿದಾನೆ, ಒಂದು ನೋಟಕ್ಕೆ ಗೊತ್ತಾಗ್ತಿತ್ತು ನಂಗೆ. ನೀವು ಮದ್ದು ಹಾಕಿ. ಬಿರಡೆ ಒತ್ತೋ ಮುಂಚೆ ನಾನು ಬಗ್ಗಿ ನೋಡ್ತೀನಿ. ನಾನು ‘ಇದೆ’ ಅಂದ ಮೇಲೇ ಮುಂದಿನ ಹಿಡಿ. ಆಗುತ್ತೋ ಇಲ್ವೋ?”

“ತುಂಬೋವಾಗ ಮಾತಾಡಬಾರದು,” ಎಂದರು ಲ್ಯಾಡಿ, ಅಭ್ಯಾಸಬಲದಿಂದ.

“ಮಾತಾಡದೇ ಇದ್ದಿದ್ರಿಂದ ಏನಾಯ್ತು ಅಂತ ಮೇಜಿನ ಮೇಲೆ ಇದೆಯಲ್ಲ.”

ಹಾಗೆಂದದ್ದು ಲವಾನ್, ಆದ್ದರಿಂದ ಲ್ಯಾಡಿ ಸಹಿಸಿದರು. ಬೇರೆ ಯಾರಾದರೂ ಅಂದಿದ್ದರೆ ಎದ್ದು ಹೋಗುತ್ತಿದ್ದರು. ಮೂರು ವಾರ ಅವರು ಹೂಂ ಎನ್ನಲಿಲ್ಲ. ಮೂರು ಗುರುವಾರ ಲವಾನ್ ಚಿಲ್ಲಿ ಬಡಿಸಿ, ಸಾಲಿನ ಹಿಂದೆ ಕೈಕಟ್ಟಿ ನಿಂತು, ಬೇರೆಯವರ ಕೂಗು ಕೇಳಿಸಿಕೊಂಡು ಮನೆಗೆ ಹೋದರು. ಮೂರನೆಯ ಗುರುವಾರದ ಮರುದಿನ ಬೆಳಿಗ್ಗೆ ಅಡೆಲಿನ್ ನನಗೆ ಫೋನು ಮಾಡಿದರು. “ಯಂತ್ರದ ಮೇಲಿನ ಬಟ್ಟೆ ತೆಗೆದಿದಾರೆ,” ಎಂದಷ್ಟೇ ಹೇಳಿ ಇಟ್ಟರು.

ಈಗ ಆ ಗ್ಯಾರೇಜಿನ ಪಕ್ಕ ಹಾದುಹೋದರೆ ಹಿಡಿಯ ಕಿರುಗುಟ್ಟುವಿಕೆ, ಅದರ ಹಿಂದೆ ಒಂದು ಹೆಂಗಸಿನ ದನಿ ಕೇಳುತ್ತದೆ: ಇದೆ. ಮತ್ತೆ ಹಿಡಿ. ಇದೆ. ವಾರಕ್ಕೆ ಮೊದಲಿನ ಅರ್ಧದಷ್ಟೇ ಡಬ್ಬಿಗಳು ಆಗುತ್ತವೆ. ಏಳು ಜನರೂ ಗೊಣಗದೆ ಹಂಚಿಕೊಳ್ಳುತ್ತಾರೆ.

ಲ್ಯಾಡಿಯಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆಂದು ನಾನು ನಂಬಿದ್ದೇನೆ: ಇತರರ ಹೆಗಲಿಗೆ ಬೀಳುವ ಪೆಟ್ಟನ್ನು ಕಾಲು ಔನ್ಸಿನಷ್ಟಾದರೂ ತಗ್ಗಿಸುವುದಕ್ಕೆ ಬೆಳಗಿನ ಹೊತ್ತನ್ನೆಲ್ಲ ಸವೆಸುವವರು. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಇಂಥವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನೋಯದ ಹೆಗಲನ್ನು ಯಾರು ನೆನೆಯುತ್ತಾರೆ? ಅವರಿಗೂ ಆ ಸ್ಮರಣೆ ಬೇಕಿಲ್ಲ. ಆದರೆ ಎಲ್ಲೋ ಒಂದು ಕಡೆ ತಪ್ಪಿ, ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಅನುಕೂಲವಾದ ಸುಳ್ಳೊಂದನ್ನು ಹುಡುಕುತ್ತಿರುವಾಗ, ಅವರು ಬಗ್ಗಿ ಆ ತಪ್ಪನ್ನು ನೆಲದಿಂದ ಎತ್ತಿಕೊಳ್ಳುತ್ತಾರೆ. ಅದರಲ್ಲಿ ನಮ್ಮ ಪಾಲು ಎಷ್ಟಿತ್ತೆಂಬುದನ್ನು ನಮಗೂ ಹೇಳುವುದಿಲ್ಲ. ಆ ಮುಚ್ಚಳದ ತಾರೀಖು ನನ್ನ ಕಣ್ಣಿಗೆ ಬೀಳದೇ ಹೋಗಿದ್ದರೆ, ನಾನು ಇಂದಿಗೂ ಆ ಸ್ಟೂಲಿನ ಮೇಲೆ ಕೂತು, ಪಾಪ, ಲ್ಯಾಡಿಗೆ ವಯಸ್ಸಾಯಿತು ಎಂದು ಮರುಗುತ್ತಿದ್ದೆ.